ಧರ್ಮಕ್ಕೆ ಬಂದ ದಟ್ಟಿ: ಅಂತರ್ಜಾಲದ ಚರ್ಚೆಯಲ್ಲಿ ಬಡವರ ಹೆಸರು



'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದಳಂತೆ' ಎಂಬ ಗಾದೆ ನಿಮಗೆಲ್ಲ ಗೊತ್ತು. ಪುಕ್ಕಟೆ ಸಿಕ್ಕಿದ್ದನ್ನು ಅಳೆದು ನೋಡುವವಳನ್ನು ಹಂಗಿಸಲು ಹುಟ್ಟಿದ ಮಾತು ಅದು. ಈ ಮಾತನ್ನು ಕಟ್ಟಿದವರು ದಟ್ಟಿ ಕೊಟ್ಟವರ ಕಡೆಯವರೇ ಇರಬೇಕು. ಅವಳು ಅಂಗಳದಲ್ಲಿ ಅಳೆಯದೆ ಹಿತ್ತಿಲಿಗೆ ಯಾಕೆ ಹೋದಳು ಎಂದು ಗಾದೆ ಕೇಳುವುದಿಲ್ಲ. ಕೊಟ್ಟವರ ಕಣ್ಣೆದುರಿಗೆ ಅಳೆಯುವ ಧೈರ್ಯ ಅವಳಿಗಿರಲಿಲ್ಲ, ಅಷ್ಟೆ. ಅಳೆಯಬೇಕು ಎಂಬ ಬುದ್ಧಿ ಮಾತ್ರ ಇತ್ತು. ನನ್ನ ಇವತ್ತಿನ ಉಪನ್ಯಾಸ ಅವಳ ಪರ.

ಅಂತರ್ಜಾಲ ಮತ್ತು ಸಾರ್ವಜನಿಕ ನೀತಿಯ ಬಗ್ಗೆ ಮಾತನಾಡಬೇಕೆಂದು ಕರೆದಿದ್ದೀರಿ. ಹತ್ತು ಹನ್ನೆರಡು ವರ್ಷಗಳಿಂದ ಈ ಜಗಳಗಳನ್ನು ಹತ್ತಿರದಿಂದ ನೋಡುತ್ತ ಬಂದವನಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಜಾಲ ತಟಸ್ಥವಾಗಿರಬೇಕೆ ಎಂಬ ಚರ್ಚೆಯಿರಲಿ, ಆಧಾರ್ ಕಡ್ಡಾಯವಾಗಬೇಕೆ ಎಂಬುದಿರಲಿ, ಖಾಸಗಿತನ ಮೂಲಭೂತ ಹಕ್ಕು ಹೌದೇ ಎಂಬುದಿರಲಿ, ಬಲವಿದ್ದ ಪಕ್ಷ ಪ್ರತಿ ಸಲವೂ ಕಟಕಟೆಗೆ ಕರೆತಂದ ಸಾಕ್ಷಿ ಬಡವನೇ. 'ನಿಮ್ಮ ತತ್ವವೆಲ್ಲ ಸರಿ ಸ್ವಾಮಿ, ಬಡವರ ಗತಿ ಏನು?' ಎಂದು ಒಮ್ಮೆ ಅಮೆರಿಕದ ಕಂಪನಿ ಕೇಳಿತು, ಇನ್ನೊಮ್ಮೆ ಭಾರತ ಸರ್ಕಾರ ಕೇಳಿತು. ಪ್ರಶ್ನೆಯೇನೋ ಒಳ್ಳೆಯದೇ. ಆದರೆ ಅದನ್ನು ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಪ್ರಶ್ನೆ ಕೇಳಿದ್ದರು.

ಮೊದಲು ಜಾಲ ತಟಸ್ಥತೆಯ ಕಥೆ. ನೆಟ್ ನ್ಯೂಟ್ರಾಲಿಟಿ ಎಂಬ ಹೆಸರನ್ನು ಬಳಕೆಗೆ ತಂದದ್ದು ಟಿಮ್ ವು ಎಂಬ ಅಮೆರಿಕದ ಕಾನೂನು ಅಧ್ಯಾಪಕ, 2003ರಲ್ಲಿ. ತತ್ವ ಸರಳ. ಡೇಟಾಕ್ಕೆ ನೀವು ದುಡ್ಡು ಕೊಟ್ಟ ಮೇಲೆ ಅದರಲ್ಲಿ ಯಕ್ಷಗಾನ ನೋಡುತ್ತೀರೋ, ಅಡಿಕೆ ಧಾರಣೆ ನೋಡುತ್ತೀರೋ ಎಂಬುದು ಮೊಬೈಲ್ ಕಂಪನಿಗೆ ಸೇರಿದ ವಿಷಯವಲ್ಲ. ಯಾವ ತಾಣವನ್ನೂ ಅದು ತಡೆಯಬಾರದು, ನಿಧಾನ ಮಾಡಬಾರದು, ಯಾರಿಂದಲೋ ದುಡ್ಡು ಪಡೆದು ಅವರದನ್ನು ಮುಂದೆ ತಳ್ಳಬಾರದು.

ನಮ್ಮಲ್ಲಿ ಇದು ಬೀದಿಗೆ ಬಂದದ್ದು 2014ರ ಡಿಸೆಂಬರಿನಲ್ಲಿ. ಇಂಟರ್‌ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ವಿಧಿಸುವುದಾಗಿ ಏರ್‌ಟೆಲ್ ಪ್ರಕಟಿಸಿತು. ಜನ ರೇಗಿದ್ದನ್ನು ಕಂಡು ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಮರುವರ್ಷ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಮಾಲೋಚನಾ ಪತ್ರ ಹೊರಡಿಸಿತು. 118 ಪುಟ, 20 ಪ್ರಶ್ನೆ. ಇಂಥ ದಾಖಲೆಗಳಿಗೆ ಸಾಮಾನ್ಯವಾಗಿ ಕಂಪನಿಗಳ ವಕೀಲರು ಮಾತ್ರ ಉತ್ತರ ಬರೆಯುತ್ತಾರೆ. ಈ ಸಲ ಕೆಲವು ಉತ್ಸಾಹಿ ಹುಡುಗರು ಪ್ರಶ್ನೆಗಳನ್ನು ಬಿಡಿಸಿ ಬರೆದು, ಉತ್ತರದ ಮಾದರಿ ಕೊಟ್ಟು, ಇಮೇಲ್ ಕಳುಹಿಸಲು ದಾರಿ ಮಾಡಿಕೊಟ್ಟರು. ಹಾಸ್ಯ ತಂಡವೊಂದು ವಿಡಿಯೊ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಟ್ರಾಯ್ ಬಾಗಿಲಿಗೆ ಬಂದು ಬಿದ್ದವು. ಕೆಲವು ತಾಣಗಳನ್ನು ಗ್ರಾಹಕರಿಗೆ ಪುಕ್ಕಟೆ ತೋರಿಸಿ, ಅದರ ಖರ್ಚನ್ನು ಆ ತಾಣದವರಿಂದ ವಸೂಲು ಮಾಡುವ 'ಏರ್‌ಟೆಲ್ ಜೀರೊ' ಯೋಜನೆಗೆ ಸೇರಲು ಹೊರಟಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, ಏಪ್ರಿಲ್ ನಡುವಿನಲ್ಲಿ ಮಾತುಕತೆಯಿಂದ ಎದ್ದು ಹೊರಬಂತು.

ಆಮೇಲೆ ಟ್ರಾಯ್ ಮಾಡಿದ್ದು ನಗಬೇಕೋ ಅಳಬೇಕೋ ತಿಳಿಯದಂಥ ಕೆಲಸ. ಪಾರದರ್ಶಕತೆ ಎಂದುಕೊಂಡು ಆ ಲಕ್ಷಾಂತರ ಪತ್ರಗಳನ್ನು, ಬರೆದವರ ಹೆಸರು ಮತ್ತು ಇಮೇಲ್ ವಿಳಾಸ ಸಮೇತ, ಎಲ್ಲರೂ ನೋಡುವಂತೆ ಪ್ರಕಟಿಸಿಬಿಟ್ಟಿತು. ಸರಕು ಮಾರುವವರಿಗೂ ಟೋಪಿ ಹಾಕುವವರಿಗೂ ಹತ್ತು ಲಕ್ಷ ವಿಳಾಸಗಳ ಹಬ್ಬದೂಟ. ಜಾಲದ ಸ್ವಾತಂತ್ರ್ಯ ಕೇಳಿ ಪತ್ರ ಬರೆದವರಿಗೆ ಖಾಸಗಿತನ ಎಂಬುದೂ ಒಂದಿದೆ ಎಂದು ದೇಶದ ನಿಯಂತ್ರಕರಿಗೆ ಹೊಳೆದಿರಲೇ ಇಲ್ಲ. ಆಗ ನಾವು ನಿಂತಿದ್ದ ಜಾಗ ಅದು.

ಆದರೆ ಆ ಇಮೇಲ್ ಬರೆದವರು ಯಾರು? ಬೆಂಗಳೂರು, ಪುಣೆ, ದೆಹಲಿಯ ಹುಡುಗರು. ಆಗಲೇ ಇಂಟರ್‌ನೆಟ್ ಇದ್ದವರು. ಫೇಸ್‌ಬುಕ್ ಕಂಪನಿ ಕೈಹಾಕಿದ್ದು ಇಲ್ಲಿಗೇ. 2015ರ ಫೆಬ್ರುವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಶನ್ಸ್ ಜೊತೆಗೂಡಿ ಅದು ತಂದಿದ್ದ 'ಇಂಟರ್‌ನೆಟ್ ಡಾಟ್ ಆರ್ಗ್' ಅದೇ ವರ್ಷ 'ಫ್ರೀ ಬೇಸಿಕ್ಸ್' ಎಂದು ಹೆಸರು ಬದಲಿಸಿಕೊಂಡಿತು. ರಿಲಯನ್ಸ್ ಸಿಮ್ ಇದ್ದವರಿಗೆ ಫೇಸ್‌ಬುಕ್, ಹವಾಮಾನ, ಆರೋಗ್ಯ, ಸುದ್ದಿಯಂಥ ಆಯ್ದ ಕೆಲವು ತಾಣಗಳು ಪುಕ್ಕಟೆ. ಮಿಕ್ಕ ಜಗತ್ತು ಬೇಕಾದರೆ ದುಡ್ಡು. ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಬಂತು, ರಸ್ತೆ ಬದಿಯಲ್ಲಿ ಹೋರ್ಡಿಂಗ್ ಎದ್ದವು. ಡಿಸೆಂಬರ್ 28ರಂದು ಮಾರ್ಕ್ ಜುಕರ್‌ಬರ್ಗ್ ಸ್ವತಃ ನಮ್ಮ ಇಂಗ್ಲಿಷ್ ದಿನಪತ್ರಿಕೆಯೊಂದಕ್ಕೆ ಲೇಖನ ಬರೆದರು. ಅದರಲ್ಲಿ ಮಹಾರಾಷ್ಟ್ರದ ರೈತನೊಬ್ಬ ಬರುತ್ತಾನೆ. ಹೆಸರು ಗಣೇಶ. ಫ್ರೀ ಬೇಸಿಕ್ಸ್‌ನಲ್ಲಿ ಮಳೆಯ ಮುನ್ಸೂಚನೆ ನೋಡಿ, ಮಾರುಕಟ್ಟೆ ದರ ನೋಡಿ, ಈಗ ಹೊಸ ಬೆಳೆಗೆ ಬಂಡವಾಳ ಹಾಕುತ್ತಿದ್ದಾನಂತೆ. ಈ ಗಣೇಶನಿಂದ ನಿಮ್ಮ ಇಂಟರ್‌ನೆಟ್‌ಗೆ ಏನು ತೊಂದರೆ ಎಂಬುದು ಲೇಖನದ ಸವಾಲು. ಗ್ರಂಥಾಲಯದಲ್ಲಿ ಎಲ್ಲ ಪುಸ್ತಕ ಇರುವುದಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಚಿಕಿತ್ಸೆ ಸಿಗುವುದಿಲ್ಲ, ಹಾಗೆಂದು ಅವು ಬೇಡವೆ ಎಂದೂ ಕೇಳಿದ್ದರು.

ಇದು ನಾಟುವ ಮಾತು. ಹೊಟ್ಟೆ ತುಂಬಿದವರ ತಕರಾರು ಎಂದು ಎದುರಾಳಿಗಳನ್ನು ಒಂದೇ ಏಟಿಗೆ ಬದಿಗೆ ತಳ್ಳುವ ಮಾತು. ಅಂದು ಈ ವಾದಕ್ಕೆ ಮನಸೋತ ಒಳ್ಳೆಯ ಜನ ಎಷ್ಟೋ ಮಂದಿ ಇದ್ದರು. ಅವರನ್ನು ಮೂರ್ಖರೆನ್ನಲು ನಾನು ತಯಾರಿಲ್ಲ.

ಹಾಗಾದರೆ ದಟ್ಟಿಗೆ ಮೊಳ ಹಾಕೋಣ. ಗ್ರಂಥಾಲಯದ ಹೋಲಿಕೆಯನ್ನೇ ತೆಗೆದುಕೊಳ್ಳಿ. ಊರಿನ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಸಮಿತಿಯಲ್ಲಿ ಒಬ್ಬನೇ ಪ್ರಕಾಶಕ ಕೂತಿದ್ದಾನೆ, ಅವನ ಪುಸ್ತಕ ಬಾಗಿಲಲ್ಲೇ ಇದೆ, ಅವನ ಪ್ರತಿಸ್ಪರ್ಧಿಯ ಪುಸ್ತಕ ಒಳಗೆ ಬರಬೇಕಾದರೆ ಅವನು ಬರೆದ ನಿಯಮಕ್ಕೆ ತಲೆಬಾಗಬೇಕು ಎಂದರೆ ನಾವು ಅದನ್ನು ಗ್ರಂಥಾಲಯ ಎನ್ನುತ್ತೇವೆಯೆ? ಫ್ರೀ ಬೇಸಿಕ್ಸ್‌ನಲ್ಲಿ ವಿಡಿಯೊ ಇಲ್ಲ, ದೊಡ್ಡ ಚಿತ್ರ ಇಲ್ಲ, ಇಂಟರ್‌ನೆಟ್ ಕರೆ ಇಲ್ಲ. ಓದು ಬಾರದ ರೈತನಿಗೆ ಅಕ್ಷರಕ್ಕಿಂತ ಹೆಚ್ಚು ಉಪಯೋಗವಾಗುವವೇ ಅವು. ಮತ್ತೊಂದು ವಿಷಯ ಆ ದಿನಗಳ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಬಳಸುವವನ ಓಡಾಟವೆಲ್ಲ ಫೇಸ್‌ಬುಕ್ ಸರ್ವರುಗಳನ್ನು ಹಾದೇ ಹೋಗಬೇಕಿತ್ತು. ದುಡ್ಡಿದ್ದವನು ಡೇಟಾ ಪ್ಯಾಕ್ ಹಾಕಿಸಿಕೊಂಡು ನೇರವಾಗಿ ಆಸ್ಪತ್ರೆಯ ತಾಣಕ್ಕೆ ಹೋಗುತ್ತಾನೆ. ದುಡ್ಡಿಲ್ಲದವನು ಜಾಹೀರಾತಿನಿಂದ ಬದುಕುವ ಕಂಪನಿಯ ಮನೆಯೊಳಗಿಂದ ಹಾದು ಆಸ್ಪತ್ರೆಗೆ ಹೋಗುತ್ತಾನೆ. ಜಾಲ ತಟಸ್ಥತೆ ಬೇರೆ, ಖಾಸಗಿತನ ಬೇರೆ ಎಂದು ನಾವು ಪುಸ್ತಕದಲ್ಲಿ ಎರಡು ಅಧ್ಯಾಯ ಮಾಡುತ್ತೇವೆ. ಬಡವನ ಫೋನಿನಲ್ಲಿ ಅವೆರಡೂ ಒಂದೇ. ಇಷ್ಟಕ್ಕೂ ಈ ಯೋಜನೆಗೆ ಬಡತನದ ಯಾವ ಅಳತೆಯೂ ಇರಲಿಲ್ಲ. ಆ ಕಂಪನಿಯ ಸಿಮ್ ಇದ್ದರೆ ಸಾಕು, ಕೋಟ್ಯಧೀಶನಿಗೂ ಪುಕ್ಕಟೆ. ಬಡವರ ಹೆಸರು ಜಾಹೀರಾತಿನಲ್ಲಿ ಮಾತ್ರ ಇತ್ತು.

2015ರ ಡಿಸೆಂಬರ್ 9ರಂದು ಟ್ರಾಯ್ ಬೇರೆ ಬೇರೆ ತಾಣಕ್ಕೆ ಬೇರೆ ಬೇರೆ ದರ ಸರಿಯೇ ಎಂದು ಮತ್ತೆ ಪ್ರಶ್ನೆ ಕೇಳಿದಾಗ ಫೇಸ್‌ಬುಕ್ ತನ್ನ ಬಳಕೆದಾರರ ಮುಂದೆ ಒಂದು ಗುಂಡಿ ಇಟ್ಟಿತು. ಒತ್ತಿದರೆ ಫ್ರೀ ಬೇಸಿಕ್ಸ್‌ಗೆ ಬೆಂಬಲ ಸೂಚಿಸುವ ಸಿದ್ಧ ಪತ್ರ ಟ್ರಾಯ್‌ಗೆ ಹೋಗುತ್ತದೆ. ಲಕ್ಷಗಟ್ಟಲೆ ಹೋದವು. ನಾವು ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರವೇ ಇಲ್ಲ ಎಂದು ಟ್ರಾಯ್ ಖಾರವಾಗಿ ಹೇಳಿತು. 2016ರ ಫೆಬ್ರುವರಿ 8ರಂದು ನಿಯಮ ಬಂತು: ತಾಣ ನೋಡಿ ಡೇಟಾ ದರದಲ್ಲಿ ಭೇದ ಮಾಡುವಂತಿಲ್ಲ, ಮಾಡಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ಫ್ರೀ ಬೇಸಿಕ್ಸ್ ಭಾರತದಿಂದ ಹೊರಟಿತು. ಎರಡು ದಿನದ ನಂತರ ಫೇಸ್‌ಬುಕ್ ನಿರ್ದೇಶಕ ಮಂಡಳಿಯ ಮಾರ್ಕ್ ಆಂಡ್ರೀಸನ್, ವಸಾಹತುಶಾಹಿಯನ್ನು ವಿರೋಧಿಸಿಯೇ ಭಾರತ ದಶಕಗಳ ಕಾಲ ಆರ್ಥಿಕವಾಗಿ ಕೆಟ್ಟಿತು ಎಂಬ ಅರ್ಥದಲ್ಲಿ ಟ್ವೀಟ್ ಮಾಡಿ, ಆಮೇಲೆ ಕ್ಷಮೆ ಕೇಳಿದರು. ಕೊಟ್ಟವನ ಮನಸ್ಸಿನಲ್ಲಿ ಏನಿತ್ತು ಎಂಬುದು ದಟ್ಟಿ ವಾಪಸು ಕೊಟ್ಟಾಗಲೇ ಗೊತ್ತಾಗುವುದು.

ಫ್ರೀ ಬೇಸಿಕ್ಸ್ ಹೋಗಿದ್ದರಿಂದ ಬಡವರು ಇಂಟರ್‌ನೆಟ್ ಇಲ್ಲದೆ ಉಳಿದರೆ? ಇದಕ್ಕೆ ಇತಿಹಾಸವೇ ಉತ್ತರ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ದರ ಸಮರ ಶುರುವಾಯಿತು. 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿಯಷ್ಟಿದ್ದ ಡೇಟಾ, ಟ್ರಾಯ್ ಲೆಕ್ಕದಲ್ಲೇ, 2018ರ ಹೊತ್ತಿಗೆ 12 ರೂಪಾಯಿಯ ಆಸುಪಾಸಿಗೆ ಇಳಿಯಿತು. 'ಇಷ್ಟಾದರೂ ಸಿಗಲಿ' ಎಂದು ಅರೆಬರೆ ಜಾಲವನ್ನು ಕೊಡಲು ಬಂದಿದ್ದರಲ್ಲ, ಆ ಗಣೇಶನಂಥವರು ಒಂದೆರಡು ವರ್ಷಗಳಲ್ಲಿ ಇಡೀ ಜಾಲಕ್ಕೇ ಬಂದರು. ತಮ್ಮದೇ ದುಡ್ಡು ಕೊಟ್ಟು ಬಂದರು. ಅವರು ಮೊದಲು ಹೋದದ್ದು ವಿಡಿಯೊಗಳಿಗೆ, ಅಂದರೆ ಫ್ರೀ ಬೇಸಿಕ್ಸ್‌ನಲ್ಲಿ ಇಲ್ಲದ ಜಾಗಕ್ಕೆ. ಬಡವರ ಉತ್ತರ ಎಂದರೆ ಇದೇ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಆ ದರ ಸಮರದಲ್ಲಿ ಹಲವು ಕಂಪನಿಗಳು ಮುಳುಗಿದವು, ಫ್ರೀ ಬೇಸಿಕ್ಸ್ ತಂದಿದ್ದ ರಿಲಯನ್ಸ್ ಕಮ್ಯುನಿಕೇಶನ್ಸ್ ಕೂಡ. ಇವತ್ತು ಉಳಿದಿರುವುದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್‌ಎನ್‌ಎಲ್. ಮೂರೇ ಜನ ಉಳಿದಿರುವ ಪೇಟೆಯಲ್ಲಿ ದರ ಎಷ್ಟು ದಿನ ಕೆಳಗಿರುತ್ತದೆ ಎಂಬುದನ್ನು ನಿಮ್ಮ ರೀಚಾರ್ಜ್ ಬಿಲ್ ಆಗಲೇ ಹೇಳತೊಡಗಿದೆ.

ಅಮೆರಿಕದ ಮಾತು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಅಲ್ಲಿ 2015ರಲ್ಲಿ ತಟಸ್ಥತೆಯ ನಿಯಮ ಬಂತು, ಸರ್ಕಾರ ಬದಲಾಗಿ 2017ರಲ್ಲಿ ಹೋಯಿತು, 2024ರಲ್ಲಿ ಮರಳಿತು, 2025ರ ಜನವರಿ 2ರಂದು ನ್ಯಾಯಾಲಯ ಮತ್ತೆ ಹೊಡೆದುಹಾಕಿತು. ನಮ್ಮ ನಿಯಮ ಇನ್ನೂ ನಿಂತಿದೆ. ಈ ವಿಷಯದಲ್ಲಿ ಜಗತ್ತು ನಮ್ಮಿಂದ ಕಲಿಯಬಹುದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಇನ್ನು ಖಾಸಗಿತನ. ಇಲ್ಲಿ ಕಥೆ ನಮ್ಮ ಮನೆ ಬಾಗಿಲಿನಿಂದಲೇ ಹೊರಡುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ, ನಮ್ಮವರೇ ಆದ ನಂದನ್ ನಿಲೇಕಣಿಯವರ ನಾಯಕತ್ವದಲ್ಲಿ. ಆದರೆ ಅದಕ್ಕೆ ಕಾನೂನೇ ಇರಲಿಲ್ಲ. ಸಂಸತ್ತಿಗೆ ಮಸೂದೆ ಹೋಗಿತ್ತು, 2011ರ ಡಿಸೆಂಬರಿನಲ್ಲಿ ಸ್ಥಾಯಿ ಸಮಿತಿ ಅದನ್ನು ಒಪ್ಪದೆ ವಾಪಸು ಕಳಿಸಿತ್ತು. ಕೋಟ್ಯಂತರ ಜನರ ಬೆರಳಚ್ಚು, ಕಣ್ಣಪಾಪೆಯ ಚಿತ್ರ ಸರ್ಕಾರಿ ಆದೇಶವೊಂದರ ಬಲದ ಮೇಲೆ ಸಂಗ್ರಹವಾಗುತ್ತಲೇ ಇತ್ತು. ಬದುಕಿನುದ್ದಕ್ಕೂ ಕಾನೂನು ಓದಿದ ಹಿರಿಯರಿಗೆ ಇದು ಸರಿಕಾಣಲಿಲ್ಲ. ಅಷ್ಟರಿಂದ ಶುರುವಾದದ್ದು ಮುಂದೆ ದೇಶದ ಸಂವಿಧಾನದ ದೊಡ್ಡ ತೀರ್ಪುಗಳಲ್ಲಿ ಒಂದಾಯಿತು. ಇವತ್ತು ದೇಶದ ಯಾವ ಮೂಲೆಯ ವಕೀಲರಾದರೂ ಖಾಸಗಿತನದ ಬಗ್ಗೆ ವಾದಿಸಬೇಕಾದರೆ ಮೊದಲು ಈ ಹಳೇ ಮೈಸೂರಿನ ಹೆಸರನ್ನು ಉಚ್ಚರಿಸಬೇಕು. ಅವರು 2024ರ ಅಕ್ಟೋಬರ್ 28ರಂದು ತೀರಿಕೊಂಡರು, 98ನೆಯ ವಯಸ್ಸಿನಲ್ಲಿ. ನಮ್ಮಲ್ಲಿ ಇಂಥವರಿಗೆ ರಸ್ತೆಯ ಹೆಸರೂ ಸಿಗುವುದು ಅಪರೂಪ.

ಅರ್ಜಿ ವಿಚಾರಣೆಗೆ ಬಂದಾಗ, 2015ರಲ್ಲಿ, ಕೇಂದ್ರ ಸರ್ಕಾರ ಅನಿರೀಕ್ಷಿತವಾದ ದಾಳ ಎಸೆಯಿತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಆಗಿನ ಅಟಾರ್ನಿ ಜನರಲ್ ಮುಕುಲ್ ರೋಹಟ್ಗಿ ವಾದಿಸಿದರು. 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳು, 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಆರು ನ್ಯಾಯಮೂರ್ತಿಗಳು ಹಾಗೆ ಹೇಳಿದ್ದಾರೆ ಎಂಬುದು ಆಧಾರ. ಅನಂತರದ ಸಣ್ಣ ಪೀಠಗಳು ನಲವತ್ತು ವರ್ಷಗಳಿಂದ ಖಾಸಗಿತನವನ್ನು ಹಕ್ಕೆಂದೇ ಭಾವಿಸಿ ತೀರ್ಪು ಕೊಡುತ್ತ ಬಂದಿದ್ದರೂ ಲೆಕ್ಕದಲ್ಲಿ ಎಂಟು ದೊಡ್ಡದು. ಹಾಗಾಗಿ ಒಂಬತ್ತು ಜನರ ಪೀಠವೇ ಬೇಕಾಯಿತು. 2017ರ ಜುಲೈಯಲ್ಲಿ ಅದು ಕೂತಿತು. ನಮ್ಮ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಆ ಪೀಠದಲ್ಲಿದ್ದರು. ಸರ್ಕಾರದ ಪರ ನಿಂತ ಹೊಸ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಬೆಳಗಾವಿಯಲ್ಲಿ ಕಾನೂನು ಓದಿದವರು. ಅವರ ವಾದದ ತಿರುಳು ಮತ್ತೆ ಅದೇ: ಕೋಟ್ಯಂತರ ಜನ ಅನ್ನ, ಸೂರು ಇಲ್ಲದೆ ಇರುವ ದೇಶದಲ್ಲಿ ಖಾಸಗಿತನವನ್ನು ದೊಡ್ಡ ಹಕ್ಕಾಗಿ ಎತ್ತಿ ಹಿಡಿಯಲಾಗದು, ಬಡವರ ಬದುಕುವ ಹಕ್ಕು ಕೆಲವರ ಖಾಸಗಿತನಕ್ಕಿಂತ ಮೇಲು.

ಈಗ ಎದುರುಪಕ್ಷದಲ್ಲಿ ಯಾರಿದ್ದರು ನೋಡಿ. ಪುಟ್ಟಸ್ವಾಮಿಯವರ ಅರ್ಜಿಯ ಜೊತೆಗೆ ಸೇರಿಕೊಂಡ ಹಲವು ಅರ್ಜಿಗಳಲ್ಲಿ 2013ರ ಒಂದು ಅರ್ಜಿ ಇಬ್ಬರದು. ಒಬ್ಬರು ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ. ಇನ್ನೊಬ್ಬರು ಬೆಜವಾಡ ವಿಲ್ಸನ್. ಕೋಲಾರದ ಕೆಜಿಎಫ್‌ನಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿ, ಆ ಪದ್ಧತಿಯನ್ನೇ ಕಿತ್ತೊಗೆಯಲು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಖಾಸಗಿತನ ಶ್ರೀಮಂತರ ಶೋಕಿ ಎನ್ನುವವರು ಈ ಒಂದು ಹೆಸರಿಗೆ ಉತ್ತರ ಹೇಳಲಿ. ಕಕ್ಕಸು ಬಾಚುವ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿ ಹೊಸ ಬದುಕು ಕಟ್ಟಿಕೊಂಡ ಹೆಂಗಸಿಗೆ ಅತ್ಯಂತ ದೊಡ್ಡ ಆಸ್ತಿ ಎಂದರೆ ಅವಳ ಹಿಂದಿನ ಕೆಲಸ ಇಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು. ಪುನರ್ವಸತಿ ಪರಿಹಾರಕ್ಕೆ, ಮಗನ ವಿದ್ಯಾರ್ಥಿವೇತನಕ್ಕೆ, ರೇಷನ್‌ಗೆ ಒಂದೇ ಸಂಖ್ಯೆ ಅಂಟಿಸಿ ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಿದರೆ ಆ ಹಳೆಯ ಗುರುತು ಅವಳ ಬೆನ್ನು ಬಿಡುವುದಿಲ್ಲ. ದೊಡ್ಡವರಿಗೆ ಎತ್ತರದ ಕಾಂಪೌಂಡ್ ಇದೆ, ವಕೀಲರಿದ್ದಾರೆ. ಜಾತಿಯಿರುವ ಸಮಾಜದಲ್ಲಿ ತನ್ನ ಬಗ್ಗೆ ಎಲ್ಲರಿಗೂ ಎಲ್ಲವೂ ತಿಳಿಯದಿರುವುದು ಕೆಳಗಿನವನಿಗೆ ಉಸಿರಾಡುವ ಜಾಗ.

2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಡಿ.ವೈ. ಚಂದ್ರಚೂಡ್ ಬರೆದ ತೀರ್ಪು ಬಡವರ ವಾದವನ್ನು ನೇರವಾಗಿ ಕೈಗೆತ್ತಿಕೊಂಡಿತು. ಬಡವರಿಗೆ ಹೊಟ್ಟೆಪಾಡು ಮುಖ್ಯ, ನಾಗರಿಕ ಹಕ್ಕುಗಳು ಬೇಕಿಲ್ಲ ಎಂಬ ಮಾತನ್ನೇ ಮುಂದೊಡ್ಡಿ ಇತಿಹಾಸದುದ್ದಕ್ಕೂ ಘೋರ ಅನ್ಯಾಯಗಳು ನಡೆದಿವೆ ಎಂಬುದು ಅದರ ತಾತ್ಪರ್ಯ. ತುರ್ತುಪರಿಸ್ಥಿತಿಯ ಕಾಲದಲ್ಲಿ ಬದುಕುವ ಹಕ್ಕನ್ನೂ ಅಮಾನತಿನಲ್ಲಿಡಬಹುದು ಎಂದಿದ್ದ ಜಬಲ್‌ಪುರ ಪ್ರಕರಣದ ತೀರ್ಪನ್ನೂ ಅವರು ಅದೇ ದಿನ ತಳ್ಳಿಹಾಕಿದರು. ಆ ಹಳೆಯ ತೀರ್ಪಿಗೆ ಸಹಿ ಹಾಕಿದವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಒಬ್ಬರು.

ಆದರೆ ಒಂದು ವರ್ಷ ಕಳೆದು, 2018ರ ಸೆಪ್ಟೆಂಬರ್ 26ರಂದು, ಆಧಾರ್ ಬಗೆಗಿನ ತೀರ್ಪು ಬಂದಾಗ ಬಹುಮತ ಬೇರೆ ದಾರಿ ಹಿಡಿಯಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಆಧಾರ್ ಕಡ್ಡಾಯ ಬೇಡ ಎಂದ ನಾಲ್ವರು ನ್ಯಾಯಮೂರ್ತಿಗಳು ರೇಷನ್, ಪಿಂಚಣಿಯಂಥ ಸವಲತ್ತುಗಳಿಗೆ ಇರಲಿ ಎಂದರು. ಚಂದ್ರಚೂಡ್ ಒಬ್ಬರೇ ಭಿನ್ನಮತ ಬರೆದು, ಅಷ್ಟರಲ್ಲಿ ಹಣಕಾಸು ಮಸೂದೆಯ ವೇಷದಲ್ಲಿ ರಾಜ್ಯಸಭೆಯನ್ನು ದಾಟಿಸಿ ತಂದಿದ್ದ ಆಧಾರ್ ಕಾಯ್ದೆಯೇ ಸಂವಿಧಾನಬಾಹಿರ ಎಂದರು. ಬಹುಮತದ ತೀರ್ಪಿನ ಫಲವೇನೆಂದು ಯೋಚಿಸಿ. ಬ್ಯಾಂಕಿನಲ್ಲಿ ದುಡ್ಡಿದ್ದವನಿಗೆ ಆಯ್ಕೆ ಸಿಕ್ಕಿತು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವಳಿಗೆ ಸಿಗಲಿಲ್ಲ. ಖಾಸಗಿತನ ಶ್ರೀಮಂತರದು ಎಂಬ ಸರ್ಕಾರದ ಮಾತು ವಾದದಲ್ಲಿ ಸೋತು, ಫಲಿತಾಂಶದಲ್ಲಿ ಗೆದ್ದಿತು.

ಆ ಸಾಲಿನಲ್ಲಿ ಏನಾಗುತ್ತದೆ ಎಂಬುದನ್ನು ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ನಾನು ಹೇಳಬೇಕಾಗಿಲ್ಲ. ಕಲ್ಲು ಒಡೆದ, ಗೊಬ್ಬರ ಹೊತ್ತ, ಪಾತ್ರೆ ತಿಕ್ಕಿದ ಬೆರಳುಗಳ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ಯಂತ್ರ ಒಪ್ಪಿದರೆ ಸರ್ವರ್ ಇರುವುದಿಲ್ಲ. 'ಸರ್ವರ್ ಡೌನ್, ನಾಳೆ ಬಾ ಅಮ್ಮ.' ಆ ನಾಳೆಗೆ ಒಂದು ದಿನದ ಕೂಲಿಯ ಬೆಲೆ. ಆಧಾರ್ ಜೋಡಿಸದ ಕಾರಣಕ್ಕೆ ರೇಷನ್ ಚೀಟಿ ರದ್ದಾದ ಜಾರ್ಖಂಡಿನ ಮನೆಯೊಂದರಲ್ಲಿ 2017ರಲ್ಲಿ 11 ವರ್ಷದ ಹುಡುಗಿ ಸತ್ತಳು. ಹಸಿವಿನಿಂದ ಎಂದು ತಾಯಿ ಹೇಳಿದಳು, ಕಾಯಿಲೆಯಿಂದ ಎಂದು ಸರ್ಕಾರ ಹೇಳಿತು. ಚೀಟಿ ರದ್ದಾಗಿತ್ತು ಎಂಬುದು ಮಾತ್ರ ಸುಳ್ಳಲ್ಲ.

ಸರ್ವರ್ ಮಾತು ಬಂದದ್ದರಿಂದ ಸಂಪರ್ಕದ ವಿಷಯಕ್ಕೆ ಬರುತ್ತೇನೆ. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಭಾರತ್‌ನೆಟ್ ಎಂಬ ಈಗಿನ ಹೆಸರು ಅನಂತರ ಬಂತು, ಗಡುವುಗಳು ಬಂದು ಹೋದವು. ಕೋವಿಡ್ ಕಾಲದಲ್ಲಿ ಮಲೆನಾಡಿನ, ಕೊಡಗಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ನಿಮ್ಮಲ್ಲೇ ಕೆಲವರು ಹತ್ತಿರಬಹುದು. ಅದೇ ಹೊತ್ತಿಗೆ ಸರ್ಕಾರ ಒಂದೊಂದೇ ಸವಲತ್ತನ್ನು ಜಾಲಕ್ಕೆ ಕಟ್ಟುತ್ತ ಹೋಯಿತು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲೇ ಹಾಕಬೇಕೆಂದಾಯಿತು. ದಿನಕ್ಕೆ ಎರಡು ಸಲ ಫೋಟೊ. ಕೆಲಸದ ಜಾಗದಲ್ಲಿ ಸಿಗ್ನಲ್ ಇಲ್ಲದಿದ್ದರೆ ಕೆಲಸ ಮಾಡಿದ್ದಕ್ಕೆ ದಾಖಲೆಯೇ ಇಲ್ಲ.

ಹೀಗೆ ಅನ್ನವನ್ನೂ ಕೂಲಿಯನ್ನೂ ಜಾಲಕ್ಕೆ ಕಟ್ಟಿದ ಸರ್ಕಾರಗಳೇ ಮನಸ್ಸು ಬಂದಾಗ ಜಾಲವನ್ನು ಕತ್ತರಿಸುತ್ತವೆ. ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ಹೋದ ಸಂಪರ್ಕದಲ್ಲಿ 4ಜಿ ವೇಗ ಪೂರ್ತಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಮಣಿಪುರದಲ್ಲಿ 2023ರಲ್ಲಿ ತಿಂಗಳುಗಟ್ಟಲೆ ಮೊಬೈಲ್ ಇಂಟರ್‌ನೆಟ್ ಇರಲಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಕಲು ತಡೆಯಲೆಂದು ಜಿಲ್ಲೆ ಜಿಲ್ಲೆಗಳನ್ನೇ ಕತ್ತಲಿಗೆ ದೂಡಿದರು. ಆಕ್ಸೆಸ್ ನೌ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಭಾರತದಲ್ಲಿ 84 ಸಲ ಇಂಟರ್‌ನೆಟ್ ನಿಂತಿತು. ಆ ವರ್ಷ ಮ್ಯಾನ್ಮಾರ್ ಒಂದೇ ನಮಗಿಂತ ಮುಂದಿತ್ತು. ಕಾಶ್ಮೀರದ ಪತ್ರಕರ್ತೆ ಅನುರಾಧಾ ಭಸೀನ್ ಹೂಡಿದ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟು, ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವಂತಿಲ್ಲ, ಪ್ರತಿ ಆದೇಶವನ್ನೂ ಪ್ರಕಟಿಸಬೇಕು ಎಂದಿತು. ಪ್ರಕಟಿಸದಿದ್ದರೆ ಏನು ಶಿಕ್ಷೆ ಎಂದು ಹೇಳಲಿಲ್ಲ. ಅಧಿಕಾರಿಗಳಿಗೆ ಅಷ್ಟು ಸಂದು ಸಾಕು. ಇಂಟರ್‌ನೆಟ್ ಬಳಕೆ ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ನೇರವಾಗಿ ಹೇಳಿದ್ದು ಅದಕ್ಕೂ ಮೊದಲು, 2019ರಲ್ಲಿ, ಕೇರಳ ಹೈಕೋರ್ಟು. ಹಾಸ್ಟೆಲಿನಲ್ಲಿ ರಾತ್ರಿ ಮೊಬೈಲ್ ಕಿತ್ತಿಟ್ಟುಕೊಳ್ಳುವ ನಿಯಮಕ್ಕೆ ಬಗ್ಗದ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ. ಮುಂದಿನ ಸಾಲಿನಲ್ಲಿ ಕೂತ ಹೆಣ್ಣುಮಕ್ಕಳು ನಗುತ್ತಿದ್ದೀರಿ. ತೀರ್ಪನ್ನು ಓದಿ, ವಾರ್ಡನ್ನರಿಗೂ ಓದಿಸಿ.

ಖಾಸಗಿತನದ ವಿಷಯದಲ್ಲಿ ಕರ್ನಾಟಕ ಸರ್ಕಾರವೂ ಮುಗ್ಧವಲ್ಲ. 2020ರ ಮಾರ್ಚಿನಲ್ಲಿ ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳನ್ನು ಪಟ್ಟಿ ಮಾಡಿ ಸಾರ್ವಜನಿಕವಾಗಿ ಪ್ರಕಟಿಸಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಸೆಲ್ಫಿ ಕಳುಹಿಸಬೇಕು ಎಂದಿತು. ಕಾಯಿಲೆಯ ಭಯ ನಿಜವಾದದ್ದೇ. ಆದರೆ ಪಟ್ಟಿ ಫೋನಿನಿಂದ ಫೋನಿಗೆ ಹರಿದಾಡಿ, ಆ ಮನೆಗಳವರನ್ನು ಅಕ್ಕಪಕ್ಕದವರು ಕಂಡ ರೀತಿಯೂ ನಿಜವೇ. ಪುಟ್ಟಸ್ವಾಮಿ ತೀರ್ಪು ಬಂದು ಮೂರು ವರ್ಷವೂ ಆಗಿರಲಿಲ್ಲ.

ಕೊನೆಗೆ ದತ್ತಾಂಶ ರಕ್ಷಣೆಗೊಂದು ಕಾನೂನು ಬಂದಿದೆ. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಕರಡು ಕೊಟ್ಟಿತು. 2019ರ ಮಸೂದೆ ಜಂಟಿ ಸಮಿತಿಗೆ ಹೋಗಿ, 2022ರಲ್ಲಿ ವಾಪಸಾಗಿ, ಹೊಸ ರೂಪದಲ್ಲಿ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಾಯಿತು. ಕಂಪನಿಗಳು ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳಲು ಗಟ್ಟಿಯಾಗಿದೆ. ಆದರೆ 17ನೆಯ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ತನ್ನ ಯಾವುದೇ ಅಂಗವನ್ನು, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಇತ್ಯಾದಿ ಕಾರಣಕ್ಕೆ, ಅಧಿಸೂಚನೆಯೊಂದರಿಂದ ಕಾಯ್ದೆಯ ಹೊರಗಿಡಬಹುದು. ಪುಟ್ಟಸ್ವಾಮಿ ನ್ಯಾಯಾಲಯಕ್ಕೆ ಹೋದದ್ದು ಸರ್ಕಾರದ ವಿರುದ್ಧ. ಅವರ ಹೆಸರಿನ ತೀರ್ಪಿನಿಂದ ಹುಟ್ಟಿದ ಕಾಯ್ದೆ ಸರ್ಕಾರಕ್ಕೇ ಹಿಂಬಾಗಿಲು ತೆರೆದಿಟ್ಟಿದೆ.

ನನಗೆ ಇನ್ನೂ ಹೆಚ್ಚು ಕಳವಳ ತಂದದ್ದು ಕಾಯ್ದೆಯ ಕೊನೆಯಲ್ಲಿ ಅಡಗಿ ಕೂತ 44ನೆಯ ಕಲಮು. ಮಾಹಿತಿ ಹಕ್ಕು ಕಾಯ್ದೆಯಲ್ಲಿ, ವೈಯಕ್ತಿಕ ಮಾಹಿತಿಯನ್ನು ಸಾರ್ವಜನಿಕ ಹಿತಕ್ಕೆ ಬೇಕಿದ್ದರೆ ಕೊಡಬೇಕು, ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತುಗಳು 8(1)(ಜೆ) ಕಲಮಿನಲ್ಲಿದ್ದವು. ಅವನ್ನು ಅಳಿಸಿ 'ವೈಯಕ್ತಿಕ ಮಾಹಿತಿ' ಎಂಬಷ್ಟನ್ನೇ ಉಳಿಸಿದರು. 8(2)ರಲ್ಲಿ ಸಾರ್ವಜನಿಕ ಹಿತದ ಒಂದು ಕಿಂಡಿ ಇನ್ನೂ ಇದೆ. ಆದರೆ ಇಲ್ಲ ಎನ್ನಲು ಕಾಯುತ್ತಿರುವ ಅಧಿಕಾರಿಗೆ ಮೊದಲ ಬಾಗಿಲೇ ಸಾಕು. ಮಾಹಿತಿ ಹಕ್ಕು ಹುಟ್ಟಿದ್ದು ಹೇಗೆಂದು ನೆನೆಯಿರಿ. ತೊಂಬತ್ತರ ದಶಕದ ರಾಜಸ್ಥಾನದ ಹಳ್ಳಿಗಳಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರು ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರಿಗೆ, ಊರು ಬಿಟ್ಟವರ ಹೆಸರಿಗೆ ಕೂಲಿ ಬರೆದದ್ದು ಆಗ ಬಯಲಾಯಿತು. ನಮ್ಮ ರಾಜ್ಯದ 'ಮಾಹಿತಿ ಕಣಜ' ಜಾಲತಾಣ ಅದೇ ವಿಚಾರದ ಮೊಮ್ಮಗು. ಫಲಾನುಭವಿಯ ಹೆಸರು ವೈಯಕ್ತಿಕ ಮಾಹಿತಿ, ಗುತ್ತಿಗೆದಾರನ ಹೆಸರು ವೈಯಕ್ತಿಕ ಮಾಹಿತಿ, ಅಧಿಕಾರಿಯ ಹೆಸರೂ ವೈಯಕ್ತಿಕ ಮಾಹಿತಿ ಎಂದಾದರೆ ನಾಳೆ ಹಳ್ಳಿಯವನು ಯಾವ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾನೆ? ಕೆಜಿಎಫ್‌ನ ವಿಲ್ಸನ್ ಕೇಳಿದ ಖಾಸಗಿತನ ಇದಲ್ಲ. ಅವರು ಕೇಳಿದ್ದು ಬಲವಿಲ್ಲದವರಿಗೆ; ಕೊಟ್ಟದ್ದು ಬಲವಿದ್ದವರಿಗೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದಾಗ ಕಂಪನಿಗಳ ಹೊಣೆಗಾರಿಕೆಗೆ ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿತು. ಮಾಹಿತಿ ಹಕ್ಕಿಗೆ ಬಿದ್ದ ಕತ್ತರಿ ಮಾತ್ರ ಅಂದೇ ಜಾರಿಗೆ ಬಂತು. ಯಾವುದು ಅವಸರದ ಕೆಲಸ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆಯಿಟ್ಟು ಮುಗಿಸುತ್ತೇನೆ. 2015ರಲ್ಲಿ ಟ್ರಾಯ್ ಕೇಳಿದ 20 ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಉತ್ತರ ಬರೆದವರು ಇಂಗ್ಲಿಷ್ ಬಲ್ಲವರು. ಹೊಸ ಕಾಯ್ದೆಯ 5ನೆಯ ಕಲಮು ಹೇಳುವಂತೆ, ನಿಮ್ಮ ಮಾಹಿತಿ ಪಡೆಯುವ ಮುನ್ನ ಯಾಕೆ ಪಡೆಯುತ್ತಿದ್ದೇವೆ ಎಂದು ತಿಳಿಸುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಕಾಯ್ದೆ ಪೂರ್ತಿ ಜಾರಿಗೆ ಬಂದ ದಿನದಿಂದ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಸಾಲ ಕೊಡುವ ಆ್ಯಪ್‌ನಲ್ಲಿ, ನಿಮ್ಮದೇ ಕಾಲೇಜಿನ ಪ್ರವೇಶದ ಅರ್ಜಿಯಲ್ಲಿ ಆ ನೋಟಿಸನ್ನು ಕನ್ನಡದಲ್ಲಿ ಕೇಳಿ. ಇಲ್ಲ ಎಂದರೆ ದೂರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ನಿಮ್ಮ ಅಪ್ಪ, ಅಮ್ಮ, ಅಜ್ಜಿ 'ಒಪ್ಪಿಗೆ' ಎಂಬ ಗುಂಡಿ ಒತ್ತುವ ಮುನ್ನ ಅದನ್ನು ಅವರಿಗೆ ಓದಿ ಹೇಳಿ.